ಬಾಣಂತಿಯ ಮನೆಗೆ ಇನ್ನೊಬ್ಬ ತಾಯಿಯ ಭೇಟಿ: ಸೂತಕದ ಹತ್ತು ದಿನ ಕಾಯಬೇಕೆ?

ಮಗು ಹುಟ್ಟಿದ ಮನೆಗೆ ಆಸ್ಪತ್ರೆಯಿಂದ ಬಂದ ಮೇಲೆ ಯಾರು ದಿಕ್ಕು? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ, ಹೀಗೆ ಯಾರಾದರೂ ಇದ್ದೇ ಇರುತ್ತಿದ್ದರು. ಇಂದು ಬಳ್ಳಾರಿ ನಗರದ ಎರಡು ಕೋಣೆಯ ಮನೆಯಲ್ಲಿ ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ. ಅತ್ತೆಗೆ ಮಂಡಿನೋವು. ತವರು ರಾಜಸ್ಥಾನದಲ್ಲೋ ಬೆಳಗಾವಿ ಕಡೆಯಲ್ಲೋ ಇರುತ್ತದೆ. ಸೊಸೆಯ ಕೈಯಲ್ಲಿ ಒಂದು ಕೂಸು, ಒಂದು ಮೊಬೈಲ್.

ಇಂಥ ಮನೆಗಳಿಗೆ ತರಬೇತಿ ಪಡೆದ, ತಾನೂ ಮಕ್ಕಳನ್ನು ಸಾಕಿದ ಒಬ್ಬ ತಾಯಿ ನಿಯಮಿತವಾಗಿ ಹೋಗಿ ಬರುವ ಪದ್ಧತಿ ಹಲವು ದೇಶಗಳಲ್ಲಿದೆ. ಅವಳು ವೈದ್ಯೆಯಲ್ಲ, ನರ್ಸ್ ಅಲ್ಲ, ತಪಾಸಣೆಗೆ ಬಂದ ಅಧಿಕಾರಿಯೂ ಅಲ್ಲ. ಕುಳಿತು ಕೇಳುತ್ತಾಳೆ, ಗೊತ್ತಿರುವುದನ್ನು ಹೇಳುತ್ತಾಳೆ, ಅಪಾಯ ಕಂಡರೆ ಆಸ್ಪತ್ರೆಗೆ ಹೊರಡಿಸುತ್ತಾಳೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಊರುಗಳ ಜೈನ ಮನೆಗಳಿಗೆ ಈ ಪದ್ಧತಿ ಹೇಗೆ ಹೊಂದುತ್ತದೆ, ಏನನ್ನು ಮನೆಯ ಆಚಾರಕ್ಕೆ ತಕ್ಕಂತೆ ಬದಲಿಸಬಹುದು, ಏನನ್ನು ಬದಲಿಸಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರ್ಕಾರದ ಏರ್ಪಾಡು

ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾಯಿತು. ಕರ್ನಾಟಕದ ತಿರುಮಕೂಡಲು ನರಸೀಪುರ ಅವುಗಳಲ್ಲಿ ಒಂದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. 2011ರಿಂದ ಹೊಸದಾಗಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಹೋಗುವ ಕ್ರಮ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನದ್ದೂ ಸೇರಿ ಏಳು. 2018ರಿಂದ ಇದನ್ನು ಮುಂದುವರಿಸಿ 3, 6, 9, 12 ಮತ್ತು 15ನೇ ತಿಂಗಳಲ್ಲೂ ಭೇಟಿ ನಿಗದಿಯಾಗಿದೆ.

ಏರ್ಪಾಡು ಒಳ್ಳೆಯದೇ. ಆದರೆ ವ್ಯಾಪಾರಸ್ಥ ಕುಟುಂಬಗಳಿಗೆ ಅದು ಹೆಚ್ಚಾಗಿ ತಲುಪುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ನಗರದಲ್ಲಿ ಆಶಾ ಕಾರ್ಯಕರ್ತೆಯರು ಮುಖ್ಯವಾಗಿ ಬಡ ಬಡಾವಣೆಗಳಿಗೆ ನೇಮಕವಾಗಿದ್ದಾರೆ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹೆರಿಗೆಯಾಗಿ ಪೇಟೆಯ ಮನೆಗೆ ಬಂದ ಬಾಣಂತಿಯ ಹೆಸರು ಅವರ ಪಟ್ಟಿಗೆ ಸೇರುವುದು ಕಡಿಮೆ.

ಎರಡನೆಯದು ಬಾಣಂತನದ ಓಡಾಟ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಸಿರುಗುಪ್ಪದ ತವರಿನಲ್ಲಿ ಹೆತ್ತು ಮೂರನೇ ಅಥವಾ ಐದನೇ ತಿಂಗಳಿಗೆ ಬಳ್ಳಾರಿಯ ಗಂಡನ ಮನೆಗೆ ಬರುತ್ತಾಳೆ. ಒಂದು ಊರಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಇನ್ನೊಂದು ಊರಿನ ಪಟ್ಟಿಗೆ ಬರುವುದಿಲ್ಲ. ಮಗು ಮೇಲಿನ ಆಹಾರಕ್ಕೆ ಹೊರಳುವ ಮುಖ್ಯ ಕಾಲ ನಡುವೆ ಕಳೆದುಹೋಗುತ್ತದೆ.

ಮೂರನೆಯದು ಸಂಕೋಚ. ಬಂದ ಕಾರ್ಯಕರ್ತೆ ತನ್ನ ಪಟ್ಟಿಯಲ್ಲಿರುವಂತೆ ಮೊಟ್ಟೆ ಕೊಡಿ, ಆಲೂಗಡ್ಡೆ ಹಿಸುಕಿ ಕೊಡಿ ಎನ್ನುತ್ತಾಳೆ. ಮನೆಯವರು ತಲೆಯಾಡಿಸಿ ಕಳಿಸುತ್ತಾರೆ. ಅವಳು ಹೇಳಿದ ಉಳಿದ ಒಳ್ಳೆಯ ಮಾತುಗಳೂ ಅದರ ಜೊತೆಗೇ ಹೋಗಿಬಿಡುತ್ತವೆ.

ಹಣವಿರುವ ಮನೆಯಲ್ಲಿ ತೊಂದರೆಯಿಲ್ಲ ಎಂದುಕೊಳ್ಳುವಂತಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಇಷ್ಟು ದೊಡ್ಡ ಪಾಲು ಬಡವರ ಮನೆಗಳಲ್ಲಿ ಮಾತ್ರ ಇರಲು ಸಾಧ್ಯವಿಲ್ಲ.

ಬೇರೆಡೆ ನಡೆದು ಫಲ ಕೊಟ್ಟದ್ದು

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ‘ಆರೋಗ್ಯದೂತ’ರೆಂದು ಮನೆಮನೆಗೆ ಕಳಿಸಿದರು. ಈ ಕೆಲಸ 39 ಹಳ್ಳಿಗಳಲ್ಲಿ ನಡೆಯಿತು. 1999ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ ಹೋಲಿಕೆಯ ಹಳ್ಳಿಗಳಿಗಿಂತ ಶೇ 62ರಷ್ಟು ಇಳಿದಿತ್ತು. ಇಂದಿನ ಆಶಾ ಭೇಟಿಗಳಿಗೆ ಈ ಕೆಲಸವೇ ಮೇಲ್ಪಂಕ್ತಿ.

ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿಕೊಂಡು, ಅವರಲ್ಲಿ ಒಂದು ಭಾಗದ ಮನೆಗಳಿಗೆ ಎರಡು ವರ್ಷ ವಾರಕ್ಕೊಮ್ಮೆ ಒಂದು ಗಂಟೆಯ ಭೇಟಿ ನಡೆಯಿತು. ಹಳೆಯ ಡಬ್ಬಿ, ಬಟ್ಟೆಗಳಿಂದ ಮಾಡಿದ ಆಟಿಕೆ ಹಿಡಿದು, ಮಗುವಿನ ಜೊತೆ ಮಾತಾಡುವುದನ್ನೂ ಆಡುವುದನ್ನೂ ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ನೋಡಿದಾಗ ಆಟದ ಭೇಟಿ ಪಡೆದಿದ್ದವರ ಗಳಿಕೆ ಪಡೆಯದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ವಾರಕ್ಕೆ ಒಂದು ಗಂಟೆ ಹಾಕಿದ ಬಂಡವಾಳಕ್ಕೆ ಇಷ್ಟು ಲಾಭ ಯಾವ ವ್ಯಾಪಾರದಲ್ಲೂ ಸುಲಭವಲ್ಲ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1973ರಲ್ಲಿ ಮಾರ್ಗರೆಟ್ ಹ್ಯಾರಿಸನ್ ಎಂಬ ಮಹಿಳೆ ‘ಹೋಮ್-ಸ್ಟಾರ್ಟ್’ ಆರಂಭಿಸಿದರು. ಮಕ್ಕಳನ್ನು ಸಾಕಿದ ಅನುಭವವಿರುವವರು ಸ್ವಯಂಸೇವಕರಾಗಿ ಚಿಕ್ಕ ಮಕ್ಕಳ ಮನೆಗಳಿಗೆ ಹೋಗುವುದೇ ಅದರ ಕೆಲಸ. ನೆರೆಯ ಗೋವಾದಲ್ಲಿ ಖಿನ್ನತೆಗೆ ಒಳಗಾದ 280 ಗರ್ಭಿಣಿಯರ ನಡುವೆ ನಡೆದ ಅಧ್ಯಯನದಲ್ಲಿ ಅದೇ ಊರಿನ ಸಾಮಾನ್ಯ ತಾಯಂದಿರೇ ತರಬೇತಿ ಪಡೆದು ಮನೆಗೆ ಹೋಗಿ ಮಾತಾಡಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲಾಭ ತೀರಾ ದೊಡ್ಡದಾಗಿರದಿದ್ದರೂ, ಹೆರಿಗೆಯ ಆರು ತಿಂಗಳ ನಂತರ ಚೇತರಿಸಿಕೊಂಡವರು ಭೇಟಿ ಪಡೆದವರಲ್ಲೇ ಹೆಚ್ಚಿದ್ದರು.

ಈ ಎಲ್ಲ ಕಡೆಯೂ ಬಾಗಿಲು ತೆರೆದದ್ದು ಒಂದೇ ಕಾರಣಕ್ಕೆ. ಬಂದವಳು ಮನೆಯವರ ಮಾತು, ಊಟ, ನಡೆ ಬಲ್ಲವಳಾಗಿದ್ದಳು.

ಸೂತಕದ ದಿನಗಳ ಪ್ರಶ್ನೆ

ಜೈನ ಮನೆಗಳಲ್ಲಿ ಮಗು ಹುಟ್ಟಿದರೆ ಸಾಮಾನ್ಯವಾಗಿ ಹತ್ತು ದಿನ ಸೂತಕ. ಬಾಣಂತಿಗೆ ನಲವತ್ತು ಅಥವಾ ನಲವತ್ತೈದು ದಿನ ಬಸದಿ ಪ್ರವೇಶವಿಲ್ಲ. ಪಂಥ, ಮನೆತನ, ಊರುಗಳ ಪ್ರಕಾರ ಲೆಕ್ಕದಲ್ಲಿ ವ್ಯತ್ಯಾಸವಿದೆ. ಆ ದಿನಗಳಲ್ಲಿ ಆ ಮನೆಯ ನೀರೂ ಮುಟ್ಟದ ಕುಟುಂಬಗಳಿವೆ. ಹೀಗಾಗಿ ಸಮಾಜದ ಹೆಂಗಸರು ನೋಡಲು ಹೋಗುವುದು ಸೂತಕ ಕಳೆದ ಮೇಲೆ, ಹೆಚ್ಚಾಗಿ ತೊಟ್ಟಿಲ ಕಾರ್ಯಕ್ಕೆ.

ಆದರೆ ನವಜಾತ ಶಿಶುಗಳ ಸಾವಿನಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಮೊದಲ ಏಳು ದಿನಗಳಲ್ಲೇ. ತಾಯಿಗೆ ರಕ್ತಸ್ರಾವ, ಜ್ವರ, ಹೊಲಿಗೆಯ ಕೀವು ಕಾಣಿಸಿಕೊಳ್ಳುವುದೂ ಹಾಲಿನ ತೊಂದರೆ ಶುರುವಾಗುವುದೂ ಹೆಚ್ಚಾಗಿ ಆಗಲೇ. ಆಶಾ ಪಟ್ಟಿಯ 3 ಮತ್ತು 7ನೇ ದಿನದ ಭೇಟಿಗಳೆರಡೂ ಸೂತಕದೊಳಗೆ ಬೀಳುತ್ತವೆ. ಹತ್ತು ದಿನ ಕಳೆದ ಮೇಲೆ ಸಿಹಿ ಹಿಡಿದು ಹೋಗುವ ಭೇಟಿ ಪ್ರೀತಿಯದ್ದೇ, ಆದರೆ ತಡವಾದದ್ದು.

ಸೂತಕದ ನಿಯಮ ಇರುವುದು ಪೂಜೆ, ಅಭಿಷೇಕ, ಆಹಾರದಾನಗಳಿಗೆ ಸಂಬಂಧಿಸಿ. ನೋವಿನಲ್ಲಿರುವವರ ಆರೈಕೆಯನ್ನು ಜೈನ ಧರ್ಮ ಎಂದೂ ಕೀಳಾಗಿ ಕಂಡಿಲ್ಲ. ಆರು ಅಂತರಂಗ ತಪಗಳಲ್ಲಿ ವೈಯಾವೃತ್ತ್ಯವೂ ಒಂದು, ಷೋಡಶಕಾರಣ ಭಾವನೆಗಳಲ್ಲೂ ಅದು ಬರುತ್ತದೆ. ಅದನ್ನು ಮುಖ್ಯವಾಗಿ ಮುನಿಸೇವೆಗೆ ಹೇಳಿದ್ದರೂ, ರೋಗಿಯ ಸೇವೆಯ ಭಾವವನ್ನು ಶ್ರಾವಕರು ಅದರಿಂದಲೇ ಕಲಿತಿದ್ದಾರೆ. ಚತುರ್ವಿಧ ದಾನಗಳಲ್ಲಿ ಔಷಧದಾನ, ಅಭಯದಾನಗಳೂ ಇವೆ.

ಆದ್ದರಿಂದ ದಾರಿ ಸರಳ. ಭೇಟಿಗೆ ಹೋಗುವ ತಾಯಿ ಆ ದಿನ ಬಸದಿಯ ಪೂಜೆ ಮುಗಿಸಿಕೊಂಡೇ ಹೋಗಲಿ, ಆ ಮನೆಯಲ್ಲಿ ನೀರು ಕುಡಿಯದಿರಲಿ, ಬಂದು ಸ್ನಾನ ಮಾಡಲಿ. ಅವಳ ಮನೆಯ ಆಚಾರ ಹೇಗೋ ಹಾಗೆ. ಕೂಸನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯುವುದು ಮಾತ್ರ ಕಡ್ಡಾಯ. ಮೂರನೇ ದಿನದ ಭೇಟಿ ಮೂರನೇ ದಿನವೇ ಆಗಬೇಕು. ಆಸ್ಪತ್ರೆಯಿಂದ ಬಿಡುಗಡೆ ತಡವಾದರೆ ಮನೆಗೆ ಬಂದ ದಿನವೇ. ಸಂದೇಹವಿದ್ದ ಕುಟುಂಬಗಳು ತಮ್ಮ ಮಠದ ಭಟ್ಟಾರಕರಲ್ಲೋ ಊರಿಗೆ ಬಂದ ಮುನಿ ಮಹಾರಾಜರಲ್ಲೋ ಸಾಧ್ವಿಯರಲ್ಲೋ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹೆರಿಗೆಯ ನಂತರ ಚರ್ಚೆಗೆ ಸಮಯವಿರುವುದಿಲ್ಲ.

ಊಟದ ವಿಚಾರ: ಬದಲಿಸಬಹುದಾದದ್ದು

ಜೈನ ಅಡುಗೆಮನೆಯ ಕಟ್ಟುಪಾಡುಗಳಲ್ಲಿ ಕೆಲವು ಇಂದಿನ ವೈದ್ಯಕೀಯ ಸಲಹೆಗೆ ತಾವಾಗಿಯೇ ಹೊಂದುತ್ತವೆ. ಜೇನುತುಪ್ಪ ಜೈನರಿಗೆ ವರ್ಜ್ಯ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಅಪಾಯಕಾರಿ ಸೋಂಕು ತಗಲಬಹುದು ಎನ್ನುತ್ತಾರೆ ವೈದ್ಯರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸುವ ರೂಢಿ ಎಳೆ ಮಗುವಿರುವ ಮನೆಗೆ ವರದಾನ. ಸೋಸುವುದರಿಂದ ಮಾತ್ರ ರೋಗಾಣು ಹೋಗದು, ಕುದಿಸುವುದೂ ಬೇಕು ಎಂಬುದನ್ನು ನೆನಪಿಡಬೇಕು.

ಬಾಣಂತಿಗೆ ಈ ಭಾಗದಲ್ಲಿ ಬೆಳ್ಳುಳ್ಳಿ ಕಡ್ಡಾಯ ಎಂಬ ಮಾತಿದೆ. ಅದನ್ನು ತಿನ್ನದವರಿಗೆ ಹಾಲು ಕಡಿಮೆಯಾಗುವುದಿಲ್ಲ. ಮಗು ಮತ್ತೆ ಮತ್ತೆ ಚೀಪಿದಷ್ಟೂ ಹಾಲು ಬರುತ್ತದೆ. ಅಂಟಿನುಂಡೆ, ಅಳವಿ ಪಾಯಸ, ಜೀರಿಗೆ, ಓಂಕಾಳು, ತುಪ್ಪ, ತೊಗರಿಬೇಳೆ ಕಟ್ಟು ಎಲ್ಲವೂ ಇರಲಿ. ಕಾಳು, ಬೇಳೆ, ಶೇಂಗಾ, ಎಳ್ಳು, ರಾಗಿ, ಹಾಲು, ಮೊಸರು ದಿನಕ್ಕೆ ಸಾಕಷ್ಟು ಸೇರಬೇಕು. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಕಬ್ಬಿಣಾಂಶಕ್ಕೆ ಕಾಳು, ಬೇಳೆ, ಎಳ್ಳನ್ನು ಹೆಚ್ಚಿಸಬೇಕು, ಮಾತ್ರೆಯನ್ನು ತಪ್ಪಿಸಲೇಬಾರದು. ಕ್ಯಾಪ್ಸೂಲ್‌ನ ಹೊರಕವಚ ಪ್ರಾಣಿಜನ್ಯ ಜೆಲಾಟಿನ್ ಆಗಿರಬಹುದೆಂದು ಕೆಲವರು ಔಷಧವನ್ನೇ ಬಿಟ್ಟುಬಿಡುತ್ತಾರೆ. ಅದರ ಬದಲು ಮಾತ್ರೆ ಅಥವಾ ಸಿರಪ್ ಬರೆದುಕೊಡಲು ವೈದ್ಯರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ಸಸ್ಯಾಹಾರಿ ತಾಯಂದಿರಲ್ಲಿ ಬಿ-12 ಜೀವಸತ್ವದ ಕೊರತೆ ಕಾಣುವುದುಂಟು. ತಾಯಿಯಲ್ಲಿ ಕಡಿಮೆಯಾದರೆ ಎದೆಹಾಲು ಕುಡಿಯುವ ಮಗುವಿಗೂ ಕಡಿಮೆ. ರಕ್ತಪರೀಕ್ಷೆಗೆ ಕೇಳುವುದು ಉತ್ತಮ.

ಸೂರ್ಯಾಸ್ತದ ನಂತರ ಉಣ್ಣದ ಬಾಣಂತಿಗೆ ಸಂಜೆಯ ಊಟ ಗಟ್ಟಿಯಾಗಿರಬೇಕು, ಬೆಳಿಗ್ಗೆ ಸೂರ್ಯೋದಯವಾದೊಡನೆ ಏನಾದರೂ ಸಿಗಬೇಕು. ರಾತ್ರಿ ನೀರನ್ನೂ ಬಿಡುವ ನಿಯಮ, ಪರ್ಯುಷಣ ಅಥವಾ ದಶಲಕ್ಷಣ ಪರ್ವದ ಉಪವಾಸ ಹಾಲುಣಿಸುವ ತಾಯಿಗೆ ಭಾರವಾಗಬಹುದು. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಲಾಗಿದೆ. ಆ ವರ್ಷ ಸ್ವಾಧ್ಯಾಯ, ಜಪ ಮಾಡಿದರೂ ಅದು ಪರ್ವವೇ.

ಮಗುವಿನ ವಿಚಾರದಲ್ಲಿ ಆದಿಪುರಾಣ ಹೇಳುವ 53 ಗರ್ಭಾನ್ವಯ ಕ್ರಿಯೆಗಳು ನೆನಪಿಗೆ ಬರುತ್ತವೆ. ನಾಮಕರ್ಮ, ಬಹಿರ್ಯಾನ, ನಿಷದ್ಯಾ, ಅನ್ನಪ್ರಾಶನ, ಮುಂದೆ ಲಿಪಿಸಂಖ್ಯಾನ ಎಂದು ಮಗುವಿನ ಬೆಳವಣಿಗೆಯ ಒಂದೊಂದು ಮೆಟ್ಟಿಲಿಗೂ ಒಂದು ಸಂಸ್ಕಾರವಿದೆ. ಹೆಸರಿಡುವಾಗ ತೂಕ ನೋಡುವುದು, ಹೊರಗೆ ಕರೆತರುವಾಗ ಲಸಿಕೆಯ ಕಾರ್ಡು ನೋಡುವುದು, ಅನ್ನಪ್ರಾಶನವನ್ನು ಆರು ತಿಂಗಳು ತುಂಬಿದೊಡನೆ ಇಟ್ಟುಕೊಳ್ಳುವುದು, ಹೀಗೆ ಸಂಸ್ಕಾರದ ಪಂಚಾಂಗಕ್ಕೆ ಆರೋಗ್ಯದ ಪಂಚಾಂಗ ಜೋಡಿಸಿದರೆ ಯಾವುದೂ ಮರೆಯುವುದಿಲ್ಲ. ಅಲ್ಲಿಯವರೆಗೆ ಎದೆಹಾಲು ಮಾತ್ರ. ನಂತರ ಎದೆಹಾಲಿನ ಜೊತೆಗೆ ರಾಗಿ ಸರಿ, ಹೆಸರುಬೇಳೆ-ಅಕ್ಕಿಯ ಮೆತ್ತನೆ ಕಿಚಡಿ, ಬಾಳೆಹಣ್ಣು, ಸಿಹಿಗುಂಬಳ, ತುಪ್ಪ. ಕಂದಮೂಲವಿಲ್ಲದೆಯೂ ಮಗು ಚೆನ್ನಾಗಿ ಬೆಳೆಯುತ್ತದೆ, ತಟ್ಟೆಯಲ್ಲಿ ಬರೀ ಅನ್ನದ ಗಂಜಿ ಇರಬಾರದು ಅಷ್ಟೆ. ಆರು ತಿಂಗಳ ನಂತರ ವಾರಕ್ಕೆರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ.

ಬದಲಿಸಬಾರದದ್ದು

ಆಚಾರಕ್ಕೆ ಹೊಂದಿಸುವುದೆಂದರೆ ಎಲ್ಲದಕ್ಕೂ ಹೂಂ ಎನ್ನುವುದಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಸಿಸೇರಿಯನ್ ಆಗಿದ್ದರೆ ಆದಷ್ಟು ಬೇಗ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಬೆಲ್ಲದ ನೀರು, ಜನ್ಮಘುಟ್ಟಿ, ಹರಳೆಣ್ಣೆ ಬೇಡ. ಹೊಕ್ಕುಳಿಗೆ ಏನೂ ಹಚ್ಚಬಾರದು. ಲಸಿಕೆ ದಿನ ತಪ್ಪಬಾರದು. ಮುಚ್ಚಿದ ಕೋಣೆಯಲ್ಲಿ ಲೋಬಾನದ ದಟ್ಟ ಹೊಗೆ ಕೂಸಿನ ಉಸಿರಿಗೆ ಒಳ್ಳೆಯದಲ್ಲ.

ಇವನ್ನು ಹೇಳುವ ರೀತಿಯಲ್ಲೇ ಕೆಲಸ ಕೂಡುತ್ತದೆ, ಕೆಡುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಅತ್ತೆಗೆ ‘ಇದು ಮೂಢನಂಬಿಕೆ’ ಎಂದರೆ ಮುಂದಿನ ವಾರ ಬಾಗಿಲು ತೆರೆಯದು. ‘ಅಮ್ಮಾ, ನಿಮ್ಮ ಕೈಯಾಗ ಮೂರು ಮಕ್ಕಳು ಬೆಳೆದಾವು, ನಿಮಗ ನಾ ಏನು ಹೇಳ್ಲಿ? ಆದ್ರ ಕೂಸಿನ ಹಾಲಿಗೆ ನೀರು ಬೇಕಲ್ರೀ. ಕುದಿಸಿದ ನೀರು ಮನ್ಯಾಗ ಹೆಂಗೂ ಇರ್ತೈತಿ, ಬೆಚ್ಚಗ ಒಂದೊಂದು ಲೋಟ ಕೊಡ್ತಾ ಹೋಗ್ರಿ’ ಎಂದರೆ ಅತ್ತೆಯೇ ಲೋಟ ತುಂಬಿಸುತ್ತಾರೆ. ವಿಶ್ರಾಂತಿ, ಬೆಚ್ಚಗಿನ ಕೋಣೆ, ಎಣ್ಣೆ ನೀವುವುದು, ಕಡಿಮೆ ಜನರ ಓಡಾಟ, ಹಳೆಯ ಬಾಣಂತನದ ಈ ಒಳ್ಳೆಯ ಅಂಶಗಳನ್ನು ಮೊದಲು ಹೊಗಳಿ ನಂತರ ಬೇಡದ್ದನ್ನು ಹೇಳಬೇಕು.

ತಾಯಿಯ ಮನಸ್ಸು ಮತ್ತು ಮನೆಯ ಗುಟ್ಟು

ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಅಳು, ನಿದ್ದೆಗೇಡು, ಕೂಸಿನ ಮೇಲೆ ಬೇಸರ, ಬದುಕೇ ಬೇಡ ಎಂಬ ಮಾತು ಬಂದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜೀವದ ಮಾತು ಬಂದರೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಎರಡನೆಯದೂ ಹೆಣ್ಣಾಯಿತೆಂದು ಮನೆಯವರು ಮುಖ ತಿರುಗಿಸಿದ ಬಾಣಂತಿಯನ್ನು ಹೆಚ್ಚು ಗಮನಿಸಬೇಕು.

ಇಲ್ಲಿಯೇ ಚಿಕ್ಕ ಸಮಾಜದ ದೊಡ್ಡ ತೊಡಕು ಇರುವುದು. ಎಲ್ಲರೂ ಎಲ್ಲರಿಗೂ ಗೊತ್ತು. ಒಂದು ಮನೆಯ ಮಾತು ಸಂಜೆಯೊಳಗೆ ಬಸದಿಯ ಅಂಗಳ ತಲುಪುತ್ತದೆ, ನಾಳೆ ನಾದಿನಿಯ ಸಂಬಂಧ ನೋಡುವಾಗ ಅದೇ ಮಾತು ಎದುರು ಬರುತ್ತದೆ. ಈ ಭಯದಿಂದಲೇ ಎಷ್ಟೋ ಸೊಸೆಯಂದಿರು ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಆದ್ದರಿಂದ ಭೇಟಿಗೆ ಹೋಗುವವಳು ಸಮಾಜದವಳಾದರೂ ಹತ್ತಿರದ ಬಂಧುವಾಗಿರಬಾರದು, ಬೇರೆ ಓಣಿಯವಳಾದರೆ ಒಳ್ಳೆಯದು. ಮನೆಯಲ್ಲಿ ಕೇಳಿದ್ದು ಮನೆಯಲ್ಲೇ ಉಳಿಯಬೇಕು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಹೊರಗೆ ಹೇಳಬೇಕು, ಅದೂ ವೈದ್ಯರಿಗೆ. ಒಬ್ಬಳ ಬಾಯಿ ಸಡಿಲವಾದರೆ ಇಡೀ ಕೆಲಸದ ನಂಬಿಕೆ ಹೋಗುತ್ತದೆ.

ಬೇರೆಯವರ ಮನೆಗೆ ಹೋದಾಗ

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ, ಕುರುಗೋಡಿನ ಸುತ್ತಲಿನ ಹೊಲಗಳಲ್ಲಿ ದುಡಿಯುವವರ ಮನೆಗಳಲ್ಲೂ ಬಾಣಂತಿಯರಿದ್ದಾರೆ. ಅಲ್ಲಿ ತೆಲುಗು, ಉರ್ದು ಮಾತಾಡುವವರೂ ಇದ್ದಾರೆ. ಆ ಮನೆಗಳಿಗೆ ಅದೇ ಓಣಿಯ, ಅದೇ ಭಾಷೆಯ ತಾಯಿಯೇ ಹೋಗಬೇಕು. ಜೈನ ಮಂಡಳಿಗಳು ತರಬೇತಿಯ ಖರ್ಚು, ಬಸ್ ಚಾರ್ಜು, ತೂಕದ ಯಂತ್ರಗಳಂಥ ನೆರವು ಕೊಡಬಹುದು. ಅಲ್ಲಿನ ತಾಯಿಗೆ ಮೊಟ್ಟೆ ತಿನ್ನಬೇಡ ಎಂದು ಹೇಳುವುದು ಈ ಕೆಲಸವಲ್ಲ. ತನ್ನ ಅಡುಗೆಮನೆಗೆ ಗೌರವ ಬಯಸುವವರು ಇನ್ನೊಬ್ಬರ ಅಡುಗೆಮನೆಗೂ ಗೌರವ ಕೊಡಬೇಕು. ರಾಜ್ಯದ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಕ್ರಮ ಇದೇ ನೀತಿಯದ್ದು.

ಕೂಡಲೇ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

- ಕೂಸು ಹಾಲು ಚೀಪುವುದನ್ನು ಬಿಟ್ಟರೆ, ಮಂಕಾಗಿ ಎಚ್ಚರಗೊಳ್ಳದಿದ್ದರೆ
- ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆಯ ಕೆಳಭಾಗ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ
- ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ
- ಅಂಗೈ, ಅಂಗಾಲಿನವರೆಗೆ ಹಳದಿ ಇಳಿದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವಾದರೆ
- ತಾಯಿಗೆ ವಿಪರೀತ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರಾಟದ ತೊಂದರೆ

ಸೂತಕ, ಅಮಾವಾಸ್ಯೆ, ರಾತ್ರಿ ಯಾವುದನ್ನೂ ನೋಡದೆ 108ಕ್ಕೆ ಕರೆ ಮಾಡಬೇಕು. ಕುರುಗೋಡಿನಿಂದಲೂ ಸಿರುಗುಪ್ಪದಿಂದಲೂ ಬಳ್ಳಾರಿಯ ದೊಡ್ಡಾಸ್ಪತ್ರೆ ತಲುಪಲು ಸಮಯ ಹಿಡಿಯುತ್ತದೆ. ಯಾವ ಗಾಡಿ, ಯಾರು ಜೊತೆಗೆ, ಯಾವ ಆಸ್ಪತ್ರೆ ಎಂಬುದು ಏಳನೇ ತಿಂಗಳಲ್ಲೇ ನಿರ್ಧಾರವಾಗಿರಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾವುಗಳು ರಾಜ್ಯವನ್ನೇ ಕಲಕಿದವು. ಆಸ್ಪತ್ರೆಯೊಳಗಿನ ಲೋಪವನ್ನು ಮನೆ ಭೇಟಿ ತಡೆಯಲಾರದು. ಆದರೆ ಹೆದರಿಕೆಯಿಂದ ಆಸ್ಪತ್ರೆಗೆ ಹೋಗುವುದನ್ನೇ ತಡಮಾಡುವ ಮನೆಗೆ ಧೈರ್ಯ ಹೇಳಿ ಜೊತೆಗೆ ಹೊರಡಬಲ್ಲದು.

ಆರಂಭ ಹೇಗೆ?

ದೊಡ್ಡ ಸಭೆ, ಉದ್ಘಾಟನೆ ಬೇಕಿಲ್ಲ. ಒಂದು ಊರಿನ ಮಹಿಳಾ ಮಂಡಳಿಯಲ್ಲಿ ಐದಾರು ತಾಯಂದಿರು ಮುಂದೆ ಬಂದರೆ ಸಾಕು. ಒಬ್ಬೊಬ್ಬರಿಗೆ ಎರಡು ಮೂರು ಮನೆಗಿಂತ ಹೆಚ್ಚು ವಹಿಸಬಾರದು. ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಆಶಾ ಕಾರ್ಯಕರ್ತೆಯರಿಂದ ಕಲಿತುಕೊಂಡು ಅವರ ಜೊತೆಗೇ ಕೆಲಸ ಮಾಡಬೇಕು, ಅವರಿಗೆ ಪೈಪೋಟಿಯಾಗಿ ಅಲ್ಲ. ಗರ್ಭಿಣಿಯ ಮನೆಗೆ ಏಳನೇ ತಿಂಗಳಲ್ಲೇ ಒಮ್ಮೆ ಹೋಗಿ ಪರಿಚಯ ಮಾಡಿಕೊಂಡರೆ ಮೂರನೇ ದಿನದ ಭೇಟಿಗೆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಸೊಸೆ ತವರಿಗೆ ಹೊರಟಾಗ ಅಲ್ಲಿನ ಮಂಡಳಿಗೆ ಒಂದು ಫೋನ್ ಮಾಡಿ, ತಾಯಿ ಕಾರ್ಡ್ ಜೊತೆಗಿದೆಯೇ ನೋಡಿ ಕಳಿಸಬೇಕು. ಮರಳಿ ಬಂದಾಗ ಅಲ್ಲಿಂದ ಇಲ್ಲಿಗೆ ಫೋನ್ ಬರಬೇಕು.

ಗಂಡಸರಿಗೂ ಪಾಲಿದೆ. ಹೆರಿಗೆಯಾದ ಮೊದಲ ಹತ್ತು ದಿನ ತಂದೆಯಾದವನು ಅಂಗಡಿಯ ಬಾಗಿಲನ್ನು ಒಂದು ಗಂಟೆ ಮೊದಲೇ ಎಳೆದು ಮನೆಗೆ ಬರಬಹುದು. ಭೇಟಿಗೆ ಬಂದ ತಾಯಿ ಹೇಳಿದ್ದನ್ನು ಅವನೂ ಕುಳಿತು ಕೇಳಿಸಿಕೊಳ್ಳಬೇಕು. ಈ ತಿಂಗಳು ಯಾರ ಮನೆಯಲ್ಲಿ ಏಳನೇ ತಿಂಗಳು ನಡೆಯುತ್ತಿದೆ ಎಂದು ಊರಿನ ಶ್ರಾವಿಕೆಯರು ವಿಚಾರಿಸಿ ಒಂದು ಪಟ್ಟಿ ಮಾಡಿಕೊಂಡರೆ ಕೆಲಸ ಆರಂಭವಾದಂತೆ.